ಗೃಹಹಿಂಸೆಯೂ ನೆಲೆಯ ಪ್ರಶ್ನೆಯೂ

ಗಂಡನಿಂದಲೋ ಪ್ರಿಯಕರನಿಂದಲೋ ಪೆಟ್ಟು ತಿಂದ ಹೆಣ್ಣನ್ನು ಕುರಿತು “ಬಿಟ್ಟು ಬರಬಹುದಾಗಿತ್ತಲ್ಲ?” ಎನ್ನುವುದು ಲೋಕರೂಢಿ. ಬಿಟ್ಟು ಬಂದವಳು ಆ ರಾತ್ರಿ ಎಲ್ಲಿಗೆ ಹೋಗಬಹುದಾಗಿತ್ತೆಂದು ಕೇಳುವುದೇ ಇತಿಹಾಸದ ವಿದ್ಯಾರ್ಥಿಗೆ ಉಚಿತವೆಂದು ನನಗೆ ತೋರುತ್ತದೆ.

ಇಂಗ್ಲೆಂಡಿನಲ್ಲಿ ಫ್ರಾನ್ಸಸ್ ಪವರ್ ಕಾಬ್ ಅವರು ೧೮೭೮ರಲ್ಲಿ ಪತ್ನಿಯರ ಮೇಲಿನ ಕ್ರೌರ್ಯವನ್ನು ಲೇಖನವೊಂದರಲ್ಲಿ ಬಯಲಿಗೆಳೆದರು. ಅದೇ ವರ್ಷದ ಶಾಸನವೊಂದು, ಗಂಡನ ಮೇಲೆ ಘೋರ ಹಲ್ಲೆಯ ಅಪರಾಧ ಸಿದ್ಧವಾಗಿ, ಹೆಂಡತಿಯ ಸುರಕ್ಷತೆಗೆ ಮುಂದೆಯೂ ಅಪಾಯವಿದೆಯೆಂದು ಕಂಡುಬಂದಲ್ಲಿ, ಆಕೆ ಬೇರೆಯಿರಲೂ ಜೀವನಾಂಶ ಪಡೆಯಲೂ ಅವಕಾಶವಿತ್ತಿತು. ಬೇರೆಯಾಗುವ ಹಕ್ಕು ಬಂದಿತು. ಹೋಗಿ ಸೇರಲು ಮನೆ ಬರಲಿಲ್ಲ. ಎರಿನ್ ಪಿಜ್ಜಿ ಅವರು ಲಂಡನಿನ ಚಿಸ್ವಿಕ್‌ನಲ್ಲಿ ಆಶ್ರಯಗೃಹವನ್ನು ತೆರೆದದ್ದು ೧೯೭೧ರಲ್ಲಿ.

ಸೂರಿಗೂ ಮನಸ್ಸಿನ ಗಾಯಕ್ಕೂ ಏನು ಸಂಬಂಧ? ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ ಅವರು ೧೯೯೨ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಮನೆಯೊಳಗೆ ಪೀಡಿತಳಾದವಳ ಸ್ಥಿತಿಯನ್ನು ಅವರು ರಾಜಕೀಯ ಸೆರೆಯಾಳುಗಳ ಸ್ಥಿತಿಗೆ ಹೋಲಿಸುತ್ತಾರೆ. ಬಂಧುಮಿತ್ರರಿಂದ ಅಗಲಿಸುವುದು, ಯಾವಾಗ ಎರಗುವುದೆಂದು ತಿಳಿಯದ ಕೋಪ, ನಡುನಡುವೆ ತೋರುವ ಅಲ್ಪ ದಯೆ—ಇವು ಸೇರಿ ಸ್ವಂತ ನಿರ್ಣಯಶಕ್ತಿಯನ್ನೇ ಕುಂದಿಸುತ್ತವೆ. ಹೊರಗಿನವರು ದೌರ್ಬಲ್ಯವೆಂದೆಣಿಸುವ ಮೌನವು ಹಲವು ವೇಳೆ ಬದುಕುಳಿಯುವ ಉಪಾಯ. ನಿದ್ರಾಹೀನತೆ, ಸಣ್ಣ ಸದ್ದಿಗೂ ಬೆಚ್ಚುವುದು, ತಪ್ಪು ತನ್ನದೇ ಎಂಬ ನಾಚಿಕೆ, ಇವು ಅಪಾಯ ಕಳೆದ ಮೇಲೂ ಉಳಿಯುವುದುಂಟು. ಚೇತರಿಕೆಯಲ್ಲಿ ಹರ್ಮನ್ ಅವರು ಮೊದಲಿಡುವುದು ಸುರಕ್ಷತೆಯನ್ನು. ನಡೆದುದನ್ನು ನೆನೆದು ದುಃಖಿಸುವುದು ಅನಂತರ. ಜನರೊಡನೆ ಮತ್ತೆ ಬೆರೆಯುವುದು ಕೊನೆಗೆ. ಹೊಡೆದವನ ಮನೆಯಲ್ಲೇ ಇರುವವಳಿಗೆ “ಮರೆತುಬಿಡು” ಎಂದು ಹೇಳುವ ನಮ್ಮ ಹಿರಿಯರ ಸಮಾಧಾನವು ಈ ಕ್ರಮವನ್ನೇ ತಲೆಕೆಳಗು ಮಾಡುತ್ತದೆ.

ಭಾರತದಲ್ಲಿ ೨೦೦೫ರ ಗೃಹಹಿಂಸಾ ಅಧಿನಿಯಮವು ಸಹವಾಸದ ಮನೆಯಲ್ಲಿ ನೆಲೆಸುವ ಹಕ್ಕನ್ನೇ ಹೆಣ್ಣಿಗೆ ನೀಡಿತು. ಅದು ಜಾರಿಗೆ ಬಂದದ್ದು ೨೦೦೬ರ ಅಕ್ಟೋಬರಿನಲ್ಲಿ. ಡಿಸೆಂಬರಿನಲ್ಲೇ ಸರ್ವೋಚ್ಚ ನ್ಯಾಯಾಲಯವು, ಅತ್ತೆಯ ಹೆಸರಿನಲ್ಲಿದ್ದ ಮನೆಗೆ ಈ ಹಕ್ಕು ಸಲ್ಲದೆಂದು ತೀರ್ಪಿತ್ತಿತು. ಅತ್ತೆಮಾವಂದಿರ ಮನೆಯಲ್ಲೇ ಸಂಸಾರ ಹೂಡುವ ದೇಶದಲ್ಲಿ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ವ್ಯಾಖ್ಯಾನವನ್ನು ಅದೇ ನ್ಯಾಯಾಲಯವು ತಳ್ಳಿಹಾಕಿದ್ದು ೨೦೨೦ರಲ್ಲಿ, ಹದಿನಾಲ್ಕು ವರ್ಷಗಳ ಬಳಿಕ.

ವಿವಾಹವಾಗದೆ ಒಂದೇ ಮನೆಯಲ್ಲಿ ದಂಪತಿಗಳಂತೆ ಬಾಳಿದವಳೂ ಈ ಅಧಿನಿಯಮದ ರಕ್ಷಣೆಗೆ ಪಾತ್ರಳು. ಆದರೆ ಪ್ರಿಯಕರನೊಡನೆ ಎಂದೂ ಮನೆ ಹಂಚಿಕೊಳ್ಳದ ಕಾಲೇಜು ವಿದ್ಯಾರ್ಥಿನಿ ಇದರ ವ್ಯಾಪ್ತಿಯಲ್ಲಿಲ್ಲ. ಆಕೆಗೆ ಉಳಿದಿರುವುದು ಸಾಮಾನ್ಯ ದಂಡಸಂಹಿತೆಯ ದಾರಿ. ಆಕೆ ತರಗತಿಗೆ ಬಾರದಿರುವುದು ಹಾಜರಿ ಪುಸ್ತಕದಲ್ಲಿ ಮೊದಲು ಕಾಣುವುದು ಅಧ್ಯಾಪಕರಾದ ನಮಗೆ.