ತಗಾಲೊಗ್ ಕ್ರಿಯಾಪದಗಳಲ್ಲಿ ಪೂರ್ವಪ್ರತ್ಯಯಗಳ ಕಾರ್ಯ

ತಗಾಲೊಗ್ ಫಿಲಿಪೀನ್ಸ್ ದೇಶದ ಒಂದು ಪ್ರಮುಖ ಭಾಷೆ. ಆಸ್ಟ್ರೊನೇಷಿಯನ್ ಭಾಷಾಕುಟುಂಬಕ್ಕೆ ಸೇರಿದುದು. ಅಲ್ಲಿನ ರಾಷ್ಟ್ರಭಾಷೆಯಾದ ಫಿಲಿಪಿನೊಗೆ ಇದೇ ಆಧಾರ. ಕನ್ನಡದಲ್ಲಿ ಪ್ರತ್ಯಯಗಳು ಪ್ರಕೃತಿಯ ಅನಂತರ ಬರುವುದರಿಂದ, ತಗಾಲೊಗ್ ಧಾತುಗಳ ಮೊದಲಲ್ಲಿ ಬರುವ ಪ್ರತ್ಯಯಗಳು ನಮಗೆ ಸಂಸ್ಕೃತದ ಉಪಸರ್ಗಗಳಂತೆ ತೋರಬಹುದು. ಆದರೆ ‘ಆಹಾರ’, ‘ವಿಹಾರ’, ‘ಸಂಹಾರ’ಗಳಲ್ಲಿ ಉಪಸರ್ಗವು ಅರ್ಥವನ್ನೇ ಬದಲಿಸುತ್ತದೆ. ತಗಾಲೊಗ್‌ನ ಪೂರ್ವಪ್ರತ್ಯಯವಾದರೋ ಮುಖ್ಯವಾಗಿ ಕಾರಕಸಂಬಂಧವನ್ನು ಸೂಚಿಸುತ್ತದೆ.

‘ಲುತೊ’ (ಬೇಯಿಸು) ಧಾತುವಿನ ಈ ಪ್ರಯೋಗಗಳನ್ನು ಗಮನಿಸಬಹುದು. ಇಲ್ಲಿ ‘ಬಬಾಎ’ ಎಂದರೆ ಹೆಂಗಸು, ‘ಇಸ್ದಾ’ ಎಂದರೆ ಮೀನು, ‘ಬಾತಾ’ ಎಂದರೆ ಮಗು.

1. ನಗ್‌ಲುತೊ ನಂಗ್ ಇಸ್ದಾ ಅಂಗ್ ಬಬಾಎ. (ಆ ಹೆಂಗಸು ಮೀನು ಬೇಯಿಸಿದಳು.)
2. ನಿಲುತೊ ನಂಗ್ ಬಬಾಎ ಅಂಗ್ ಇಸ್ದಾ. (ಆ ಮೀನನ್ನು ಹೆಂಗಸು ಬೇಯಿಸಿದಳು.)
3. ಇಪಿನಗ್‌ಲುತೊ ನಂಗ್ ಬಬಾಎ ನಂಗ್ ಇಸ್ದಾ ಅಂಗ್ ಬಾತಾ. (ಆ ಮಗುವಿಗಾಗಿ ಹೆಂಗಸು ಮೀನು ಬೇಯಿಸಿದಳು.)

‘ಅಂಗ್’ ಎಂಬುದು ವಾಕ್ಯದ ಒಂದು ನಾಮಪದವನ್ನು ಪ್ರಧಾನವಾಗಿ ಎತ್ತಿಹಿಡಿಯುತ್ತದೆ. ಆ ಪದ ಕರ್ತೃವೋ, ಕರ್ಮವೋ, ಕ್ರಿಯೆಯ ಫಲವನ್ನು ಪಡೆಯುವುದೋ ಎಂಬುದನ್ನು ಕ್ರಮವಾಗಿ ನಗ್-, ನಿ-, ಇಪಿನಗ್- ಎಂಬ ಪ್ರತ್ಯಯಗಳು ತಿಳಿಸುತ್ತವೆ. ಕನ್ನಡದಲ್ಲಿ ನಾಮಪದದ ವಿಭಕ್ತಿ ನಿರ್ವಹಿಸುವ ಕಾರ್ಯದ ಬಹುಭಾಗವನ್ನು ಇಲ್ಲಿ ಕ್ರಿಯಾಪದವೇ ಹೊರುತ್ತದೆ.

ಕ್ರಿಯೆಯ ಸ್ಥಿತಿಯನ್ನು ತಿಳಿಸುವುದರಲ್ಲಿಯೂ ಪೂರ್ವಪ್ರತ್ಯಯಕ್ಕೆ ಪಾಲಿದೆ. ‘ನಗ್‌ಲುತೊ’ ಮುಗಿದ ಕ್ರಿಯೆ. ‘ನಗ್‌ಲುಲುತೊ’ ನಡೆಯುತ್ತಿರುವ ಕ್ರಿಯೆ. ‘ಮಗ್‌ಲುಲುತೊ’ ಇನ್ನೂ ಆರಂಭವಾಗದ ಕ್ರಿಯೆ. ‘ನ’ಕಾರವು ಆರಂಭವನ್ನೂ ಧಾತುವಿನ ಮೊದಲ ಅಕ್ಷರದ ದ್ವಿರುಕ್ತಿಯು ಅಪೂರ್ಣತೆಯನ್ನೂ ಸೂಚಿಸುತ್ತವೆ. ಉಪಸರ್ಗದಂತೆ ಅರ್ಥವನ್ನು ಬದಲಿಸುವ ನಿದರ್ಶನಗಳೂ ಇಲ್ಲದಿಲ್ಲ. ‘ಬಿಲಿ’ ಧಾತುವಿನ ನಡುವೆ ‘ಉಮ್’ ಸೇರಿದ ‘ಬುಮಿಲಿ’ಗೆ ಕೊಳ್ಳು ಎಂದೂ, ‘ಮಗ್‌ಬಿಲಿ’ಗೆ ಮಾರು ಎಂದೂ ಅರ್ಥ.

ಈ ಭಾಷೆಯ ವ್ಯಾಕರಣವು 1610ರಷ್ಟು ಹಿಂದೆಯೇ ಸ್ಪ್ಯಾನಿಷ್ ಪಾದ್ರಿಗಳಿಂದ ಅಚ್ಚಾಯಿತು. ಲ್ಯಾಟಿನ್ ವ್ಯಾಕರಣದ ಚೌಕಟ್ಟನ್ನು ಅನುಸರಿಸಿದ ಈ ಪರಂಪರೆಯಲ್ಲಿ ಎರಡನೆಯ, ಮೂರನೆಯ ಬಗೆಯ ವಾಕ್ಯಗಳು ಕರ್ಮಣಿ ಪ್ರಯೋಗಗಳೆನಿಸಿದವು. 1917ರಲ್ಲಿ ಬ್ಲೂಮ್‌ಫೀಲ್ಡ್ ಕೂಡ ಈ ಪರಿಭಾಷೆಯನ್ನೇ ಉಳಿಸಿಕೊಂಡನು. ಆದರೆ ಕನ್ನಡದ ‘ಬೇಯಿಸಲ್ಪಟ್ಟಿತು’ ಎಂಬುದು ವಿರಳ ಪ್ರಯೋಗ. ತಗಾಲೊಗ್‌ನಲ್ಲಿ ಕರ್ಮವು ನಿರ್ದಿಷ್ಟವಾಗಿದ್ದಾಗ ಎರಡನೆಯ ವಾಕ್ಯವೇ ಸಹಜ. ಕರ್ತೃವೂ ಅಲ್ಲಿ ಗೌಣವಾಗಿ ಮರೆಯಾಗುವುದಿಲ್ಲ.

ಸಂಸ್ಕೃತದ ಪರಿಭಾಷೆಯಿಂದ ಕನ್ನಡವನ್ನು ಅಳೆಯುವುದರ ತೊಡಕನ್ನು ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಕೃತಿಯಲ್ಲಿ ಚರ್ಚಿಸಿದ್ದಾರೆ. ತಗಾಲೊಗ್‌ನ ನಿದರ್ಶನವು ಅದೇ ಪ್ರಶ್ನೆಯನ್ನು ಮತ್ತೊಂದು ನೆಲದಲ್ಲಿ ಎತ್ತುತ್ತದೆ. ಒಂದು ಭಾಷೆಯ ರೂಪಗಳಿಗೆ ನಾವು ಕೊಡುವ ಹೆಸರು, ಅವುಗಳ ಕಾರ್ಯವನ್ನು ಕಾಣಿಸುವಂತೆಯೇ ಮರೆಮಾಡಲೂಬಲ್ಲದು.