ರಕ್ತದ ಕ್ಯಾನ್ಸರಿಗೊಂದು ಗುಳಿಗೆ: ಡಾ. ಡ್ರೂಕರ್ ಅವರ ಸಂಶೋಧನೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ಸದ್ಭಕ್ತರ ಮನೆಗಳಲ್ಲಿ ರಕ್ತದ ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದೊಡನೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲುವುದುಂಟು. ಆದರೆ ಈ ರೋಗದಲ್ಲಿ ಹಲವು ಬಗೆಗಳಿವೆ. ಅವುಗಳಲ್ಲೊಂದಾದ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಇಂದು ಹೆಚ್ಚಿನವರ ಪಾಲಿಗೆ, ದಿನವೂ ಗುಳಿಗೆ ಸೇವಿಸಿ ಬಹುಕಾಲ ಬಾಳಬಹುದಾದ ವ್ಯಾಧಿ. ಇದರ ಹಿಂದೆ ಅಮೆರಿಕೆಯ ವೈದ್ಯವಿಜ್ಞಾನಿ ಡಾ. ಬ್ರಯಾನ್ ಡ್ರೂಕರ್ ಅವರ ದೀರ್ಘ ಪರಿಶ್ರಮವಿದೆ.

ಈ ರೋಗಿಗಳ ರಕ್ತಕಣಗಳಲ್ಲಿ ಒಂದು ವರ್ಣತಂತು ಗಿಡ್ಡವಾಗಿರುವುದನ್ನು 1960ರಲ್ಲಿ ಫಿಲಡೆಲ್ಫಿಯಾ ನಗರದ ಸಂಶೋಧಕರು ಗುರುತಿಸಿದ್ದರು. 9 ಮತ್ತು 22ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗಿರುವುದನ್ನು 1973ರಲ್ಲಿ ಡಾ. ಜಾನೆಟ್ ರೌಲಿ ತೋರಿಸಿದರು. ಹೀಗೆ ಬೆಸೆದುಕೊಂಡ ತುಣುಕಿನಿಂದ ಹುಟ್ಟುವ ವಿಕೃತ ಪ್ರೋಟೀನು, ಬಿಳಿ ರಕ್ತಕಣಗಳಿಗೆ ಬೆಳೆಯಿರೆಂದು ಬಿಡುವಿಲ್ಲದೆ ಅಪ್ಪಣೆ ಕೊಡುತ್ತಿರುತ್ತದೆ. ಹಳೆಯ ಕೀಮೋಥೆರಪಿ ಕಳೆಯೊಡನೆ ಬೆಳೆಯನ್ನೂ ಸುಡುವ ಔಷಧದಂತೆ. ಡ್ರೂಕರ್ ಅರಸಿದ್ದು ಆ ಒಂದು ಪ್ರೋಟೀನು ಶಕ್ತಿ ಪಡೆಯುವ ಸ್ಥಾನದಲ್ಲಿ ಹೋಗಿ ಕುಳಿತು ಅದನ್ನು ಸುಮ್ಮನಾಗಿಸುವ ಮದ್ದನ್ನು.

1993ರಲ್ಲಿ ಒರೆಗಾನಿಗೆ ಬಂದ ಅವರು, ಸ್ವಿಟ್ಜರ್ಲೆಂಡಿನ ಔಷಧ ಕಂಪನಿಯಲ್ಲಿ ನಿಕೋಲಸ್ ಲೈಡನ್ ತಂಡ ಸಿದ್ಧಪಡಿಸಿದ್ದ ರಾಸಾಯನಿಕಗಳನ್ನು ಪರೀಕ್ಷಿಸಿ ಒಂದನ್ನು ಆರಿಸಿದರು. ರೋಗಿಗಳ ಸಂಖ್ಯೆ ಕಡಿಮೆಯೆಂದು ಕಂಪನಿ ಹಿಂದೇಟು ಹಾಕಿದರೂ ಡ್ರೂಕರ್ ಬೆನ್ನು ಬಿಡಲಿಲ್ಲ. 1998ರಲ್ಲಿ ಪ್ರಯೋಗ ಆರಂಭವಾಯಿತು. ತಕ್ಕ ಪ್ರಮಾಣದಲ್ಲಿ ಔಷಧ ಪಡೆದ 54 ಜನರಲ್ಲಿ 53 ಜನರ ರಕ್ತಕಣಗಳ ಎಣಿಕೆ ಸಹಜ ಸ್ಥಿತಿಗೆ ಮರಳಿತು! 2001ರ ಮೇ ತಿಂಗಳಲ್ಲಿ ಇಮಾಟಿನಿಬ್ ಎಂಬ ಹೆಸರಿನ ಆ ಔಷಧಕ್ಕೆ ಅಮೆರಿಕೆಯಲ್ಲಿ ಅನುಮತಿ ದೊರೆಯಿತು.

ನಮ್ಮ ದೇಶದಲ್ಲಿ ಮೂಲ ಕಂಪನಿಯ ಔಷಧಕ್ಕೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಬೆಲೆಯಿತ್ತು. ಒಕ್ಕಲುತನದ ಮನೆ ಅದನ್ನು ಭರಿಸುವುದೆಂತು? ದೇಶೀಯ ಕಂಪನಿಗಳು ಅದೇ ಔಷಧವನ್ನು ಅದರ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ಬೆಲೆಗೆ ಕೊಡುತ್ತಿದ್ದವು. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವು ಮೂಲ ಕಂಪನಿಯ ಪೇಟೆಂಟ್ ಕೋರಿಕೆಯನ್ನು ತಳ್ಳಿಹಾಕಿದ್ದರಿಂದ ಆ ಅಗ್ಗದ ಗುಳಿಗೆಗಳು ಉಳಿದುಕೊಂಡವು.

ಔಷಧದಿಂದ ರೋಗ ಅಡಗಿರುತ್ತದೆಯೇ ಹೊರತು, ಬಹುಜನರಲ್ಲಿ ಬೇರುಸಹಿತ ಹೋಗಿರುವುದಿಲ್ಲ. ಮೈ ಹಗುರಾಯಿತೆಂದು ತಾವಾಗಿಯೇ ಗುಳಿಗೆ ನಿಲ್ಲಿಸಿದರೆ ಅದು ಮರಳುತ್ತದೆ. ಊಟದೊಡನೆ, ತುಂಬು ಲೋಟ ನೀರಿನಲ್ಲಿ ಸೇವಿಸಬೇಕು. ವಾಕರಿಕೆ, ಕಣ್ಣಿನ ಸುತ್ತ ಬಾವು, ಸ್ನಾಯುಗಳ ಹಿಡಿತ ಕಂಡುಬಂದರೆ ವೈದ್ಯರಿಗೆ ತಿಳಿಸಬೇಕು. ನಾಟಿ ಔಷಧ ಬಳಸುವ ಮೊದಲೂ, ಗರ್ಭಧಾರಣೆಯ ಯೋಚನೆಯಿದ್ದರೂ ಕೇಳಲೇಬೇಕು.

ಕಾರಣವಿಲ್ಲದ ಆಯಾಸ, ತೂಕ ಇಳಿಯುವುದು, ರಾತ್ರಿ ಬೆವರುವುದು, ಎಡಪಕ್ಕೆಯ ಕೆಳಗೆ ಭಾರವೆನಿಸುವುದು ವಾರಗಟ್ಟಲೆ ಮುಂದುವರಿದರೆ ತಾಲೂಕು ಆಸ್ಪತ್ರೆಯಲ್ಲಿ ರಕ್ತಕಣಗಳ ಎಣಿಕೆ ಮಾಡಿಸಬೇಕು. ಬಿಳಿ ಕಣಗಳು ವಿಪರೀತವಾಗಿದ್ದರೆ ಮುಂದಿನ ತಪಾಸಣೆಗೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ದೂರವೇನಲ್ಲ.