ಪಾತ್ರಗಳ ನಿರ್ಗಮನ

ಕಾದಂಬರಿಯಲ್ಲಿ ಒಂದು ಪಾತ್ರವು ಬದುಕಬೇಕೆ, ಸಾಯಬೇಕೆ ಎಂಬುದನ್ನು ನಿರ್ಧರಿಸುವವನು ಕಾದಂಬರಿಕಾರ. ಅವನ ಅಪ್ಪಣೆಯಿಲ್ಲದೆ ಯಾರೂ ಕಥೆಯಿಂದ ಹೊರಗೆ ಕಾಲಿಡಲಾರರು. ದೂರದರ್ಶನದ ಧಾರಾವಾಹಿಯನ್ನು ಬರೆಯುವವನಿಗೆ ಈ ಸ್ವಾತಂತ್ರ್ಯವಿಲ್ಲ. ಅವನ ಪಾತ್ರಗಳು ರಕ್ತಮಾಂಸಗಳಿಂದ ಕೂಡಿದ ನಟರನ್ನು ಆಶ್ರಯಿಸಿವೆ. ನಟನಿಗೆ ಕಾಯಿಲೆ ಬರಬಹುದು. ಸಂಭಾವನೆಯ ವಿಷಯದಲ್ಲಿ ನಿರ್ಮಾಪಕನೊಡನೆ ಮನಸ್ತಾಪವಾಗಬಹುದು. ಬೇರೆಡೆ ಒಳ್ಳೆಯ ಅವಕಾಶ ದೊರೆಯಬಹುದು. ಒಮ್ಮೊಮ್ಮೆ ಮರಣವೇ ಸಂಭವಿಸಬಹುದು. ಹೀಗೆ ಕಾರಣವು ಕಥೆಯ ಹೊರಗೆ ಹುಟ್ಟುತ್ತದೆ. ಆದರೆ ಅದಕ್ಕೆ ಸಮಾಧಾನವನ್ನು ಕಥೆಯ ಒಳಗೇ ಹುಡುಕಬೇಕಾಗುತ್ತದೆ.

ರಂಗಭೂಮಿಯಲ್ಲಿಯೂ ನಟರು ಬದಲಾಗುತ್ತಾರೆ. ನಿನ್ನೆ ಒಬ್ಬನು ಧರಿಸಿದ ಕಿರೀಟವನ್ನು ಇಂದು ಮತ್ತೊಬ್ಬನು ಧರಿಸಿದರೆ ಪ್ರೇಕ್ಷಕರು ಆಕ್ಷೇಪಿಸುವುದಿಲ್ಲ. ದೂರದರ್ಶನದ ಮಾತು ಬೇರೆ. ಅಲ್ಲಿನ ಮುಖಗಳು ವರ್ಷಗಟ್ಟಲೆ ನಮ್ಮ ಮನೆಯ ನಡುಮನೆಗೆ ಬಂದು, ತೀರ ಸಮೀಪದಿಂದ ಮಾತನಾಡಿ ಹೋಗುತ್ತವೆ. ಅವು ಕ್ರಮೇಣ ನೆರೆಮನೆಯವರ ಮುಖಗಳಂತಾಗುತ್ತವೆ. ನೆರೆಮನೆಯವನ ಮುಖವು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬೇರೆಯಾದರೆ ಯಾರು ತಾನೆ ಸುಮ್ಮನಿರುತ್ತಾರೆ?

2000ನೆಯ ಇಸವಿಯಲ್ಲಿ ಆರಂಭವಾದ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' ಎಂಬ ಹಿಂದೀ ಧಾರಾವಾಹಿಯಲ್ಲಿ ನಾಯಕ ಮಿಹಿರನು ಮೃತನಾದನೆಂದು ತೋರಿಸಿದಾಗ ದೇಶದ ಅನೇಕ ಮನೆಗಳಲ್ಲಿ ಶೋಕವುಂಟಾಯಿತು. ಪ್ರೇಕ್ಷಕರ ಒತ್ತಾಯಕ್ಕೆ ಮಣಿದು ಅವನನ್ನು ಬದುಕಿಸಿ ತರಬೇಕಾಯಿತು. ಮುಂದೆ ಅಮರ್ ಉಪಾಧ್ಯಾಯ ಅವರು ಆ ಪಾತ್ರವನ್ನು ಬಿಟ್ಟ ಬಳಿಕ ಬೇರೆ ನಟರು ಮಿಹಿರನಾದರು. ಅವರಲ್ಲಿ ರೋನಿತ್ ರಾಯ್ ಅವರನ್ನು ಜನ ಮನಸಾರೆ ಒಪ್ಪಿಕೊಂಡರು. ಅಮೆರಿಕದ 'ಡಲ್ಲಸ್' ಧಾರಾವಾಹಿಯವರು ಇದಕ್ಕಿಂತಲೂ ಸಾಹಸದ ಹಾದಿ ಹಿಡಿದಿದ್ದರು. ಅದರಲ್ಲಿ ಬಾಬಿ ಎಂಬ ಪಾತ್ರವು 1985ರಲ್ಲಿ ಮೋಟಾರಿಗೆ ಸಿಕ್ಕಿ ಸತ್ತಿತ್ತು. ಪಾತ್ರಧಾರಿ ಪ್ಯಾಟ್ರಿಕ್ ಡಫಿ ಅವರು 1986ರಲ್ಲಿ ಮರಳಿ ಬರಲೊಪ್ಪಿದಾಗ, ನಡುವಿನ ಒಂದು ವರ್ಷದ ಕಥೆಯೆಲ್ಲವೂ ಬಾಬಿಯ ಮಾಜಿ ಹೆಂಡತಿ ಕಂಡ ಕನಸೆಂದು ಹೇಳಿಬಿಟ್ಟರು. ಬಾಬಿಯೇನೋ ಬದುಕಿದ, ಆದರೆ ಆ ವರ್ಷದಲ್ಲಿ ಪ್ರೇಕ್ಷಕರು ಪಟ್ಟ ದುಃಖ, ತೋರಿದ ಸಹಾನುಭೂತಿಗಳೆಲ್ಲ ವ್ಯರ್ಥವಾದವು. ಒಮ್ಮೆ ಹೀಗೆ ಮಾಡಿದ ಕಥೆಗಾರನ ಮುಂದಿನ ಸಾವನ್ನು ಯಾರು ನಂಬುತ್ತಾರೆ?

ಅಗಲಿಕೆಯು ನಮ್ಮ ಮನಸ್ಸನ್ನು ತಟ್ಟಬೇಕಾದರೆ ಅಗಲಿದವನು ಮೊದಲು ನಮ್ಮವನಾಗಿರಬೇಕು. ಇದನ್ನು ಸಾಧಿಸುವುದಕ್ಕೆ ದೂರದರ್ಶನದ ಲೇಖಕರು ಬಳಸುವ ಉಪಾಯವೊಂದುಂಟು. ಅದು ಪಾತ್ರದ ಖಾಸಗಿ ಬದುಕನ್ನು ಕುರಿತ ಸಣ್ಣ ಸಣ್ಣ ಸೂಚನೆಗಳನ್ನು ಅಲ್ಲಲ್ಲಿ ಚೆಲ್ಲುವುದು. 1968ರಲ್ಲಿ ಮೊದಲು ತೆರೆಯ ಮೇಲೆ ಬಂದ 'ಕೊಲಂಬೊ'ದಲ್ಲಿ ಪೀಟರ್ ಫಾಕ್ ಅವರು ನಟಿಸಿದ ಪತ್ತೇದಾರನು ಮಾತುಮಾತಿಗೆ ತನ್ನ ಹೆಂಡತಿಯನ್ನು ನೆನೆಯುತ್ತಾನೆ. ಆದರೆ ಆಕೆ ಅದರಲ್ಲಿ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಕಾಣದಿದ್ದುದರಿಂದಲೇ ಆಕೆಯ ಚಿತ್ರವನ್ನು ನೋಡುಗರು ತಮಗೆ ತೋಚಿದಂತೆ ಬಿಡಿಸಿಕೊಂಡರು. 1979ರಲ್ಲಿ ಆಕೆಗೊಂದು ಮುಖವನ್ನು ಕೊಟ್ಟು ಪ್ರತ್ಯೇಕ ಧಾರಾವಾಹಿಯನ್ನೇ ಮಾಡಿದರು. ಅದು ಬಹುಕಾಲ ನಿಲ್ಲಲಿಲ್ಲ. ಸೂಚನೆಯಾಗಿ ಉಳಿಯಬೇಕಾದುದನ್ನು ಬಿಡಿಸಿ ಹೇಳಿದರೆ ಹೀಗಾಗುತ್ತದೆ.

ಇಂತಹ ಸೂಚನೆಗಳ ಬಲವು ಅಗಲಿಕೆಯ ಗಳಿಗೆಯಲ್ಲಿ ಗೊತ್ತಾಗುತ್ತದೆ. 1950ರಿಂದ 1953ರವರೆಗೆ ನಡೆದ ಕೊರಿಯಾ ಯುದ್ಧದ ಹಿನ್ನೆಲೆಯಲ್ಲಿ ಒಂದು ಸಂಚಾರಿ ಸೈನಿಕ ಆಸ್ಪತ್ರೆಯ ಕಥೆಯನ್ನು ಹೇಳಿದ 'ಮ್ಯಾಶ್', ಅಮೆರಿಕದಲ್ಲಿ 1972ರಿಂದ 1983ರವರೆಗೆ ಪ್ರಸಾರವಾಯಿತು. ಅದು ಬಹುಮಟ್ಟಿಗೆ ಹಾಸ್ಯಪ್ರಧಾನವಾದುದು. ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಬ್ಲೇಕನು ಮೃದುಸ್ವಭಾವದ ವೈದ್ಯ. ಊರಿನಲ್ಲಿರುವ ಹೆಂಡತಿಮಕ್ಕಳ ಮಾತು ಅವನ ಬಾಯಲ್ಲಿ ಆಗಾಗ ಬರುತ್ತಿತ್ತು. ಆ ಪಾತ್ರವನ್ನು ವಹಿಸಿದ್ದ ಮೆಕ್ಲೀನ್ ಸ್ಟೀವನ್ಸನ್ ಅವರು ಹೊರಡಲು ನಿರ್ಧರಿಸಿದಾಗ, ಬ್ಲೇಕನಿಗೆ ಸೇವೆಯಿಂದ ಬಿಡುಗಡೆಯಾಯಿತೆಂದು ಕಥೆ ಹೆಣೆದರು. 1975ರ ಮಾರ್ಚ್ 18ರಂದು ಪ್ರಸಾರವಾದ ಕಂತಿನಲ್ಲಿ ಅವನು ಮನೆಗೆ ದೂರವಾಣಿ ಮಾಡಿ ಬರುವ ಸುದ್ದಿ ತಿಳಿಸುತ್ತಾನೆ. ಗೆಳೆಯರನ್ನು ತಬ್ಬಿಕೊಂಡು ವಿಮಾನವನ್ನೇರಲು ಹೊರಡುತ್ತಾನೆ. ಕಥೆ ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ತಿಳಿದರು. ಕೊನೆಯ ದೃಶ್ಯದಲ್ಲಿ ವೈದ್ಯರು ಗಾಯಾಳುಗಳ ಶಸ್ತ್ರಚಿಕಿತ್ಸೆಯಲ್ಲಿ ತೊಡಗಿರುವಾಗ ರೇಡಾರ್ ಎಂಬ ತರುಣ ಗುಮಾಸ್ತನು ಒಳಗೆ ಬಂದು ಸಂದೇಶವೊಂದನ್ನು ಓದುತ್ತಾನೆ. ಬ್ಲೇಕನು ಹೊರಟ ವಿಮಾನವನ್ನು ಶತ್ರುಗಳು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಿದ್ದಾರೆ, ಯಾರೂ ಉಳಿದಿಲ್ಲ. ಕೋಣೆಯಲ್ಲಿ ಯಾರೂ ಗಟ್ಟಿಯಾಗಿ ಅಳುವುದಿಲ್ಲ. ಮುಖಕ್ಕೆ ಕಟ್ಟಿದ ಬಟ್ಟೆಯ ಮೇಲೆ ಕಣ್ಣುಗಳಷ್ಟೇ ಕಾಣುತ್ತವೆ. ಕೈಗಳು ಕೆಲಸವನ್ನು ನಿಲ್ಲಿಸುವುದಿಲ್ಲ, ಏಕೆಂದರೆ ಮೇಜಿನ ಮೇಲಿರುವ ಗಾಯಾಳು ಇನ್ನೂ ಬದುಕಿದ್ದಾನೆ.

ಈ ಪುಟವನ್ನು ಚಿತ್ರೀಕರಣದ ಹೊತ್ತಿನವರೆಗೂ ಹೆಚ್ಚಿನ ನಟರಿಗೆ ಕೊಟ್ಟಿರಲಿಲ್ಲ. ಪ್ರಸಾರದ ಬಳಿಕ ಆಕ್ರೋಶದ ಪತ್ರಗಳು ರಾಶಿರಾಶಿಯಾಗಿ ಬಂದವು. ಹಾಸ್ಯವನ್ನು ನೋಡಲು ಕುಳಿತವರಿಗೆ ಮೋಸವಾಯಿತೆಂಬುದು ಅನೇಕರ ದೂರು. ಯುದ್ಧದಿಂದ ಎಲ್ಲರೂ ಮನೆಗೆ ಮರಳುವುದಿಲ್ಲವೆಂಬುದು ನಿರ್ಮಾಪಕರ ಸಮರ್ಥನೆಯಾಗಿತ್ತು. ವಿಯೆಟ್ನಾಮ್ ಯುದ್ಧವು ಕೊನೆಗಾಣುತ್ತಿದ್ದ ದಿನಗಳವು. ಮಗನನ್ನು ಕಳೆದುಕೊಂಡ ಎಷ್ಟೋ ಮನೆಗಳಲ್ಲಿ ಆ ಕಂತನ್ನು ನೋಡಿರಬೇಕು. ನಿರ್ಮಾಪಕರ ಪಕ್ಷವೇ ಸರಿಯೆಂದು ನನಗೆ ತೋರುತ್ತದೆ.

ದೊಡ್ಡವರಿಗೇ ಇಷ್ಟು ಕಷ್ಟವಾದರೆ, ಮೂರುನಾಲ್ಕು ವರ್ಷದ ಮಕ್ಕಳಿಗೆ ಒಬ್ಬನ ಸಾವನ್ನು ತಿಳಿಸುವುದು ಹೇಗೆ? ಅಮೆರಿಕದಲ್ಲಿ 1969ರ ನವೆಂಬರಿನಲ್ಲಿ ಆರಂಭವಾದ 'ಸೆಸಮಿ ಸ್ಟ್ರೀಟ್' ಎಂಬ ಮಕ್ಕಳ ಕಾರ್ಯಕ್ರಮಕ್ಕೆ ಈ ಪ್ರಶ್ನೆ ಎದುರಾಯಿತು. ಅದೊಂದು ಬೀದಿಯ ಕಥೆ. ಅಲ್ಲಿ ಮನುಷ್ಯರೂ ಗೊಂಬೆಗಳೂ ಒಟ್ಟಿಗೆ ವಾಸಿಸುತ್ತಾರೆ. ಬೀದಿಯ ಅಂಗಡಿಯ ಯಜಮಾನ ಹೂಪರ್. ತುಸು ಸಿಡುಕುಮೋರೆಯ, ಒಳಗೆ ಕರುಣೆಯುಳ್ಳ ಮುದುಕ. ಎಂಟು ಅಡಿಗೂ ಮಿಕ್ಕ ಎತ್ತರದ, ಆದರೆ ಮನಸ್ಸಿನಲ್ಲಿ ಎಳೆಯ ಮಗುವಾದ ಹಳದಿ ಹಕ್ಕಿ ಬಿಗ್ ಬರ್ಡ್, ಅವನ ಹೆಸರನ್ನು ಎಂದೂ ಸರಿಯಾಗಿ ಹೇಳುತ್ತಿರಲಿಲ್ಲ. 1978ರ ಕ್ರಿಸ್‌ಮಸ್ ಕಾರ್ಯಕ್ರಮವೊಂದರಲ್ಲಿ ಗೆಳೆಯನೊಬ್ಬನು ಹೂಪರನಿಗೆ ಯೆಹೂದ್ಯರ ಹಬ್ಬವಾದ ಹನುಕ್ಕಾದ ಶುಭಾಶಯ ಹೇಳಿ ಹೋಗುತ್ತಾನೆ. ಹೂಪರನ ಮತ, ಮನೆತನಗಳ ಬಗೆಗೆ ವಿವರಣೆಯೇನೂ ಇಲ್ಲ. ಆ ಒಂದು ಶುಭಾಶಯದಿಂದಲೇ ಮುದುಕನ ಮನೆಯ ದೀಪವನ್ನು ನಾವು ಕಂಡಂತಾಗುತ್ತದೆ.

ಹೂಪರನ ಪಾತ್ರಧಾರಿ ವಿಲ್ ಲೀ ಅವರು 1982ರ ಡಿಸೆಂಬರ್ 7ರಂದು ತಮ್ಮ 74ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೂಪರನು ಊರು ಬಿಟ್ಟು ಹೋದನೆಂದು ಹೇಳಬಹುದಾಗಿತ್ತು. ಬೇರೊಬ್ಬ ನಟನನ್ನು ತರಬಹುದಾಗಿತ್ತು. ನಿರ್ಮಾಪಕರು ಎರಡನ್ನೂ ಒಲ್ಲೆನೆಂದರು. ಮಕ್ಕಳ ಮನಸ್ಸನ್ನು ಬಲ್ಲ ತಜ್ಞರೊಡನೆ ಸಮಾಲೋಚಿಸಿ, ಸತ್ಯವನ್ನೇ ಹೇಳಲು ನಿಶ್ಚಯಿಸಿದರು. ಕಾಯಿಲೆಯಿಂದ ಸತ್ತನೆಂದರೆ ನೆಗಡಿ ಬಂದ ಮಗುವೂ ಹೆದರೀತು. ನಿದ್ರೆಹೋದನೆಂದರೆ ಮಲಗಲು ಅಂಜೀತು. ಆದುದರಿಂದ ಅಂತಹ ಮಾತುಗಳನ್ನು ದೂರವಿಟ್ಟರು. ಪ್ರಸಾರಕ್ಕೆ ಆರಿಸಿದ ದಿನ 1983ರ ನವೆಂಬರ್ 24. ಅಂದು ಅಮೆರಿಕದಲ್ಲಿ ಕೃತಜ್ಞತಾ ಹಬ್ಬದ ರಜೆ. ಮಗುವು ಪ್ರಶ್ನೆ ಕೇಳಿದರೆ ಉತ್ತರ ಹೇಳಲು ತಂದೆತಾಯಿಯರು ಮನೆಯಲ್ಲಿರುತ್ತಾರೆ.

ಆ ಕಂತಿನ ಮೊದಲಲ್ಲಿ ಬಿಗ್ ಬರ್ಡ್ ತಲೆಯನ್ನು ಕಾಲುಗಳ ನಡುವೆ ಇಟ್ಟುಕೊಂಡು ನಡೆಯುತ್ತದೆ. ಏಕೆಂದು ಕೇಳಿದರೆ, ಕಾರಣವಿಲ್ಲ, ಸುಮ್ಮನೆ ಎನ್ನುತ್ತದೆ. ಆಮೇಲೆ ತಾನು ಬರೆದ ಚಿತ್ರಗಳನ್ನು ಹಿರಿಯರಿಗೆಲ್ಲ ಹಂಚುತ್ತದೆ. ಕೊನೆಗೆ ಉಳಿದುದು ಹೂಪರನ ಚಿತ್ರ. ಅವರು ಬಂದಾಗ ಕೊಡುವೆನೆಂದು ಅದು ಹೊರಡುತ್ತದೆ. ಸತ್ತವರು ಮರಳಿ ಬರುವುದಿಲ್ಲವೆಂದು ಹಿರಿಯರು ತಿಳಿಸಿ ಹೇಳುತ್ತಾರೆ.  ಆಗ ಹಕ್ಕಿಗೆ, ತನಗೆ ತಿಂಡಿ ಮಾಡಿಕೊಡುವವರು ಯಾರು, ಕಥೆ ಹೇಳುವವರು ಯಾರು ಎಂಬ ಚಿಂತೆ ಹತ್ತುತ್ತದೆ.  ಏಕೆ ಹೀಗಾಗಬೇಕು ಎಂದು ಅದು ಕೇಳಿದಾಗ ಹಿರಿಯನೊಬ್ಬನು ಕೊಡುವ ಉತ್ತರ, ಮುಂಜಾನೆ ಆ ಹಕ್ಕಿಯೇ ನಗುತ್ತ ಹೇಳಿದ ಉತ್ತರವೇ: ಕಾರಣವಿಲ್ಲ, ಸುಮ್ಮನೆ. ಅಲ್ಲಿ ನಿಂತಿದ್ದ ನಟರೆಲ್ಲ ವಿಲ್ ಲೀ ಅವರ ಒಡನಾಡಿಗಳು. ಅವರ ಕಣ್ಣೀರು ಅಭಿನಯದ್ದಾಗಿರಲಿಲ್ಲ.

ಹಕ್ಕಿಯು ಆ ಚಿತ್ರವನ್ನು ತನ್ನ ಗೂಡಿನ ಬಳಿ ತೂಗುಹಾಕಿಕೊಂಡಿತು. ಮುಂದೆ ಬಂದ ಅನೇಕ ಕಂತುಗಳಲ್ಲಿ, ಬೇರೆ ಯಾವುದೋ ವಿಷಯದ ಮಾತು ನಡೆದಿರುವಾಗ, ಹಿಂದೆ ಅದು ಕಾಣುತ್ತಿತ್ತು. ಅಂಗಡಿಗೆ ಬೇರೆ ಯಜಮಾನರು ಬಂದರು. ಹೆಸರು ಮಾತ್ರ ಹೂಪರನ ಅಂಗಡಿ ಎಂದೇ ಇದೆ.